ಹತ್ತನೇ ತರಗತಿಯ ನಂತರದ ಎರಡು ವರ್ಷ

ಗುರುಗ್ರಾಮ, ನೊಯ್ಡಾ ಕಡೆ ಕಾಲ್ ಸೆಂಟರ್‌ಗಳು ಒಂದರ ಹಿಂದೊಂದು ಬಾಗಿಲು ತೆರೆಯುತ್ತಿದ್ದ ಕಾಲವದು. 2003ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ದೆಹಲಿಯಿಂದ 50ರಿಂದ 150 ಕಿಲೋಮೀಟರ್ ದೂರದೊಳಗಿನ 160 ಹಳ್ಳಿಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಅವುಗಳಲ್ಲಿ 80 ಹಳ್ಳಿಗಳಿಗೆ ನೇಮಕಾತಿಯ ಜನ ಹೋದರು. ಈ ಕೆಲಸಕ್ಕೆ ಎಷ್ಟು ಓದಿರಬೇಕು, ಸಂಬಳ ಎಷ್ಟು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದನ್ನು ಅಲ್ಲಿನ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಿದರು. ಬೇಗ ಮದುವೆ ಮಾಡಬೇಡಿ ಎಂದು ಯಾರೂ ಭಾಷಣ ಮಾಡಲಿಲ್ಲ. ಗರ್ಭನಿರೋಧಕದ ಮಾತೂ ಬರಲಿಲ್ಲ.

ಮೂರು ವರ್ಷ ಕಳೆದ ಮೇಲೆ ಲೆಕ್ಕ ಹಾಕಿದಾಗ, ನೇಮಕಾತಿಯ ಜನ ಹೋದ ಹಳ್ಳಿಗಳಲ್ಲಿ 15ರಿಂದ 21 ವರ್ಷದ ಹೆಣ್ಣುಮಕ್ಕಳ ಪೈಕಿ ಆ ಅವಧಿಯಲ್ಲಿ ಮದುವೆಯಾದವರು, ತಾಯಂದಿರಾದವರು ಉಳಿದ ಹಳ್ಳಿಗಳಿಗಿಂತ ನೂರಕ್ಕೆ ಐದಾರು ಮಂದಿಯಷ್ಟು ಕಡಿಮೆ ಇದ್ದರು. ಇನ್ನೂ ಚಿಕ್ಕ ಹುಡುಗಿಯರು ಹೆಚ್ಚಿನ ಸಂಖ್ಯೆಯಲ್ಲಿ ಶಾಲೆಯಲ್ಲಿ ಉಳಿದಿದ್ದರು, ಅವರ ಮೈತೂಕವೂ ಸುಧಾರಿಸಿತ್ತು. ಮಗಳು ನಾಳೆ ದುಡಿಯಬಲ್ಲಳು ಎಂಬ ನಂಬಿಕೆ ಹುಟ್ಟಿದ್ದೇ ತಡ, ಮನೆಯವರು ಅವಳ ಊಟ, ಓದು, ಮದುವೆ ಮೂರರ ಬಗ್ಗೆಯೂ ಬೇರೆ ರೀತಿ ಯೋಚಿಸತೊಡಗಿದ್ದರು.

ಹದಿಹರೆಯದ ಬಸಿರನ್ನು ತಡೆಯುವ ಮಾತು ಬಂದಾಗ ಮೊದಲು ನೆನಪಿಡಬೇಕಾದ ಸಂಗತಿ ಇದೇ. ನಮ್ಮ ದೇಶದಲ್ಲಿ ಈ ವಯಸ್ಸಿನ ಬಹುಪಾಲು ಬಸಿರು ಮದುವೆಯ ಒಳಗೇ ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾಗಿದ್ದವರು ದೇಶದಲ್ಲಿ ಶೇ 23.3, ಕರ್ನಾಟಕದಲ್ಲಿ ಶೇ 21.3. ದೆಹಲಿಯಲ್ಲಿ ಈ ಪ್ರಮಾಣ ಶೇ 10ರ ಆಸುಪಾಸಿನಲ್ಲಿದೆ. 15ರಿಂದ 19ರ ವಯಸ್ಸಿನವರಲ್ಲಿ ಸಮೀಕ್ಷೆಯ ಹೊತ್ತಿಗೆ ತಾಯಿಯಾಗಿದ್ದವರು ಅಥವಾ ಗರ್ಭಿಣಿಯಾಗಿದ್ದವರು ದೇಶದಲ್ಲಿ ಶೇ 6.8, ಕರ್ನಾಟಕದಲ್ಲಿ ಶೇ 5.4. ಇವರ ಜೀವಕ್ಕಿರುವ ಅಪಾಯ ಸಣ್ಣದಲ್ಲ. ಇಪ್ಪತ್ತು ದಾಟಿದ ತಾಯಂದಿರಿಗಿಂತ ಹದಿಹರೆಯದ ತಾಯಂದಿರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವುದು, ಬಾಣಂತಿ ನಂಜು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಮಗು ಕಡಿಮೆ ತೂಕದಲ್ಲಿ, ದಿನ ತುಂಬುವ ಮೊದಲೇ ಹುಟ್ಟುವ ಸಾಧ್ಯತೆಯೂ ಹೆಚ್ಚು.

ದೆಹಲಿ ಸುತ್ತಮುತ್ತಲ ಈ ಸೀಮೆ ಇದಕ್ಕೆ ಮದ್ದು ಹುಡುಕುತ್ತ ಮೂವತ್ತು ವರ್ಷಗಳಲ್ಲಿ ಹಲವು ದಾರಿ ತುಳಿದಿದೆ. ಕೆಲವು ಫಲ ಕೊಟ್ಟವು, ಕೆಲವು ಕೊಡಲಿಲ್ಲ. ಎರಡರಿಂದಲೂ ಕಲಿಯುವುದಿದೆ.

ಹರಿಯಾಣ ಸರ್ಕಾರ 1994ರ ಅಕ್ಟೋಬರ್ 2ರಂದು 'ಅಪ್ನೀ ಬೇಟಿ ಅಪ್ನಾ ಧನ್' ಯೋಜನೆ ಆರಂಭಿಸಿತು. ಹೆಣ್ಣು ಹುಟ್ಟಿದಾಗ ಅವಳ ಹೆಸರಿನಲ್ಲಿ ಸರ್ಕಾರ ಬಾಂಡ್ ಇಡುತ್ತಿತ್ತು. 18ರವರೆಗೆ ಮದುವೆಯಾಗದೆ ಉಳಿದರೆ 25,000 ರೂಪಾಯಿ ಕೈಗೆ ಬರುತ್ತಿತ್ತು. ಆ ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಸಂಶೋಧಕರು ಹೋಗಿ ನೋಡಿದಾಗ, ಅವರು ಸ್ವಲ್ಪ ಹೆಚ್ಚು ಕಾಲ ಓದಿದ್ದರೇ ಹೊರತು ಬಾಲ್ಯವಿವಾಹವೇನೂ ಕಡಿಮೆಯಾಗಿರಲಿಲ್ಲ. ಮದುವೆಯ ಖರ್ಚಿಗೆಂದೇ ಸರ್ಕಾರ ಈ ಹಣ ಕೊಡುತ್ತಿದೆ ಎಂದು ಎಷ್ಟೋ ಮನೆಗಳಲ್ಲಿ ಭಾವಿಸಿದ್ದರು. 18 ತುಂಬುವುದನ್ನೇ ಕಾದು ಮದುವೆ ಮಾಡಿದವರೂ ಇದ್ದರು. 2008ರ ಜನವರಿಯಲ್ಲಿ ಶುರುವಾದ ದೆಹಲಿಯ 'ಲಾಡ್ಲಿ' ಯೋಜನೆ ಹಣ ಕೊಡುವಾಗ ವಯಸ್ಸಿನ ಜೊತೆಗೆ ಓದನ್ನೂ ಕೇಳಿತು. ಹತ್ತನೇ ತರಗತಿ ಪಾಸಾಗಿರಬೇಕು ಅಥವಾ ಹನ್ನೆರಡಕ್ಕೆ ಸೇರಿರಬೇಕು ಎಂಬ ಷರತ್ತು ಹಾಕಿತು. ಹೆಣ್ಣುಮಕ್ಕಳಿಗೆ ಯೋಜನೆ ರೂಪಿಸುವ ಯಾವ ಸರ್ಕಾರವಾದರೂ ಈ ಎರಡನೆಯ ಬಗೆಯ ಷರತ್ತನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಕಡ್ಡಾಯ ಶಿಕ್ಷಣದ ಕಾಯ್ದೆ 14ಕ್ಕೆ ನಿಲ್ಲುತ್ತದೆ. ಮದುವೆಗೆ ಕಾನೂನು ಒಪ್ಪುವ ವಯಸ್ಸು 18. ನಡುವಿನ ವರ್ಷಗಳನ್ನು ಹೇಗೆ ದಾಟಿಸಬೇಕು ಎಂಬ ಹೊಣೆ ಮನೆಯವರ ಹೆಗಲಿಗೆ ಬೀಳುತ್ತದೆ. ಹತ್ತನೇ ತರಗತಿ ಮುಗಿದ ಹುಡುಗಿ ಮನೆಯಲ್ಲಿ ಕುಳಿತಳೆಂದರೆ ಸಂಬಂಧಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. 'ಒಳ್ಳೆ ಮನೆ, ಕೈತಪ್ಪಿ ಹೋಗಬಾರದು' ಎಂಬ ಮಾತು ಶುರುವಾಗುತ್ತದೆ. ಬೆಳೆದ ಮಗಳೆಂದರೆ ಸೆರಗಿನಲ್ಲಿ ಕಟ್ಟಿಕೊಂಡ ಕೆಂಡ ಎಂದು ನೆರೆಯವರು ಹೆದರಿಸುತ್ತಾರೆ. ಆದ್ದರಿಂದ ತಂದೆತಾಯಿ ಮಾಡಬೇಕಾದ ಮೊದಲ ಕೆಲಸ ಫಲಿತಾಂಶ ಬರುವ ಮೊದಲೇ ಆಗಬೇಕು. ಮುಂದಿನ ಕಾಲೇಜು ಯಾವುದು, ಅಲ್ಲಿಗೆ ಬಸ್ ಇದೆಯೇ, ಶುಲ್ಕ ಎಷ್ಟು, ವಿದ್ಯಾರ್ಥಿವೇತನಕ್ಕೆ ಯಾವ ಕಾಗದ ಬೇಕು ಎಂಬುದನ್ನು ಮಾರ್ಚ್‌ನಲ್ಲೇ ತಿಳಿದಿಟ್ಟುಕೊಳ್ಳಬೇಕು. ದಾರಿಯ ಭಯ ಓದನ್ನು ಎಷ್ಟು ಕುಗ್ಗಿಸುತ್ತದೆ ಎಂಬುದನ್ನು ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನ ತೋರಿಸಿದೆ. ಸುರಕ್ಷಿತವಾದ ದಾರಿ ಸಿಗಲೆಂದು ಹುಡುಗಿಯರು ತಮ್ಮ ಅಂಕಕ್ಕೆ ಸಿಗಬಹುದಾಗಿದ್ದ ಇನ್ನೂ ಒಳ್ಳೆಯ ಕಾಲೇಜನ್ನು ಬಿಟ್ಟುಕೊಡುತ್ತಿದ್ದರು. ದೆಹಲಿಯಲ್ಲಿ 2019ರ ಅಕ್ಟೋಬರ್‌ನಲ್ಲಿ, ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದದ್ದನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಹತ್ತರಲ್ಲಿ ಫೇಲಾದವಳಿಗೂ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪ್ರಧಾನ ಕಚೇರಿ ನೊಯ್ಡಾದಲ್ಲೇ ಇದೆ. ಅದರ ಮೂಲಕ ಮನೆಯಲ್ಲಿದ್ದುಕೊಂಡೇ 10 ಮತ್ತು 12ನೇ ತರಗತಿ ಮುಗಿಸಬಹುದು. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ.

ಇನ್ನು ಶಾಲೆಯೊಳಗಿನ ಮಾತು. ಹದಿಹರೆಯದ ಶಿಕ್ಷಣವೆಂದರೆ ಮಕ್ಕಳನ್ನು ಕೆಡಿಸುವುದು ಎಂಬ ಭಯದಿಂದ 2007ರ ಸುಮಾರಿಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಕೇಂದ್ರದ ಪಠ್ಯವನ್ನು ತಡೆಹಿಡಿದಿದ್ದವು. ಈಗ ಅಂಥ ಗದ್ದಲ ತಣ್ಣಗಾಗಿದೆ. 2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂದಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟೂ ಒಬ್ಬರು ಹೆಂಗಸು ಒಬ್ಬರು ಗಂಡಸು, ತರಬೇತಿ ಪಡೆದು ಹನ್ನೊಂದು ವಿಷಯಗಳ ಪಾಠ ಮಾಡಬೇಕು ಎನ್ನುವುದು ಅದರ ಕ್ರಮ. ಬೆಳೆಯುವ ದೇಹ, ಹೆಣ್ಣು ಗಂಡಿನ ಸಮಾನತೆ, ಸಂತಾನ ಆರೋಗ್ಯ, ಹಿಂಸೆಯಿಂದ ರಕ್ಷಣೆ, ಇಂಟರ್‌ನೆಟ್ ಬಳಕೆ ಎಲ್ಲವೂ ಅದರಲ್ಲಿವೆ. ಮಗುವಿನ ಶಾಲೆಯಲ್ಲಿ ಆ ಇಬ್ಬರು ಯಾರು, ಈ ವರ್ಷ ಎಷ್ಟು ತರಗತಿ ನಡೆದಿದೆ ಎಂದು ಪೋಷಕರ ಸಭೆಯಲ್ಲಿ ಕೇಳುವ ಹಕ್ಕು ತಂದೆತಾಯಿಗೆ ಇದ್ದೇ ಇದೆ. ಕೇಳುವವರಿದ್ದಾರೆ ಎಂದು ಗೊತ್ತಾದ ಶಾಲೆಯಲ್ಲಿ ಪಾಠ ನಡೆಯುತ್ತದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸುವ ಅಭ್ಯಾಸವಿರುವ ಕಡೆ ಈ ಪ್ರಶ್ನೆ ಇನ್ನೂ ಮುಖ್ಯ.

ಶಿಕ್ಷಕರಿಗೆ ಇಲ್ಲೊಂದು ಸುಲಭದ ಉಪಾಯವಿದೆ: ಪ್ರಶ್ನೆ ಪೆಟ್ಟಿಗೆ. ಬೀಗ ಹಾಕಿದ ಒಂದು ಡಬ್ಬ, ಮೇಲೆ ಚೀಟಿ ಹಾಕಲು ಸೀಳು. ಒಂದೇ ಅಳತೆಗೆ ಕತ್ತರಿಸಿದ ಚೀಟಿಗಳನ್ನು ತರಗತಿಯ ಎಲ್ಲರಿಗೂ ಹಂಚಬೇಕು. ಪ್ರಶ್ನೆ ಇಲ್ಲದವರು 'ಏನಿಲ್ಲ' ಎಂದಾದರೂ ಬರೆದು ಮಡಚಿ ಹಾಕಬೇಕು. ಆಗ ಯಾರು ಬರೆದರು, ಯಾರು ಬರೆಯಲಿಲ್ಲ ಎಂದು ಪಕ್ಕದ ಬೆಂಚಿನವರಿಗೆ ತಿಳಿಯುವುದಿಲ್ಲ. ಶಿಕ್ಷಕಿ ಚೀಟಿಗಳನ್ನು ಮನೆಗೊಯ್ದು ಓದಿ, ಒಂದೇ ತರಹದವನ್ನು ಒಟ್ಟುಗೂಡಿಸಿ, ಮುಂದಿನ ವಾರ ಉತ್ತರ ಹೇಳಬಹುದು. ತಬ್ಬಿಕೊಂಡರೆ ಮಗು ಆಗುತ್ತದೆಯೇ, ಮುಟ್ಟು ತಿಂಗಳಿಗೆ ಸರಿಯಾಗಿ ಆಗದಿದ್ದರೆ ಕಾಯಿಲೆಯೇ, ಫೋಟೊ ಕಳಿಸು ಎಂದು ಒಬ್ಬ ಒತ್ತಾಯ ಮಾಡಿದರೆ ಏನು ಮಾಡಬೇಕು ಎಂಬಂಥ ಪ್ರಶ್ನೆಗಳನ್ನು ಎದುರು ನಿಂತು ಕೇಳಲು ಹದಿನಾಲ್ಕರ ಹುಡುಗಿಗೆ ಬಾಯಿ ಬರುವುದಿಲ್ಲ, ಚೀಟಿಯಲ್ಲಿ ಬರೆಯಲು ಬರುತ್ತದೆ. ಕೈಬರಹ ಗುರುತಿಸಿ 'ಇದನ್ನು ಬರೆದದ್ದು ನೀನಲ್ಲವೇ' ಎಂದು ಒಮ್ಮೆ ಅಂದರೆ ಸಾಕು, ಆ ಪೆಟ್ಟಿಗೆಗೆ ಮತ್ತೆಂದೂ ಚೀಟಿ ಬೀಳುವುದಿಲ್ಲ. ಯಾವುದಾದರೂ ಚೀಟಿಯಲ್ಲಿ ಮನೆಯೊಳಗಿನ ಅಥವಾ ಹೊರಗಿನ ದೌರ್ಜನ್ಯದ ಸುಳಿವಿದ್ದರೆ ಮಾತ್ರ ಸುಮ್ಮನಿರುವಂತಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಇವಿಜಿಸಿ ಎಂದು ಕರೆಯುವ ಆಪ್ತಸಲಹೆಗಾರರ ನೆರವು ಪಡೆಯಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಮನೆಯಲ್ಲಿ ಮಾತು ಆರಂಭಿಸಲು ಹಿಂಜರಿಯುವವರಿಗೆ ದೆಹಲಿಯ ತಾರ್ಶಿ ಸಂಸ್ಥೆಯ ಪುಸ್ತಕಗಳು ಸಿಗುತ್ತವೆ. 'ರೆಡ್ ಬುಕ್' 10ರಿಂದ 14ರವರಿಗೆ, 'ಬ್ಲೂ ಬುಕ್' 15 ದಾಟಿದವರಿಗೆ.

ಇಷ್ಟೂ ಮಾತು ಹುಡುಗಿಯರ ಸುತ್ತಲೇ ಸುತ್ತಿದರೆ ಅರ್ಧ ಕೆಲಸ ಉಳಿದೇಹೋಗುತ್ತದೆ. ಹುಡುಗರನ್ನೂ ಕೂರಿಸಿಕೊಂಡು ಮಾಡಿದ ದೊಡ್ಡ ಪ್ರಯತ್ನ ನಡೆದದ್ದು ರಾಜಧಾನಿ ವಲಯಕ್ಕೇ ಸೇರಿದ ಸೋನಿಪತ್, ಪಾಣಿಪತ್, ರೋಹ್ತಕ್, ಝಜ್ಜರ್ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ. ಬ್ರೇಕ್‌ಥ್ರೂ ಎಂಬ ಸಂಸ್ಥೆ 'ತಾರೋಂ ಕೀ ಟೋಲಿ' ಹೆಸರಿನಲ್ಲಿ 2014ರಿಂದ ಎರಡೂವರೆ ವರ್ಷ 7ರಿಂದ 10ನೇ ತರಗತಿಯ ಮಕ್ಕಳ ಜೊತೆ ಕೆಲಸ ಮಾಡಿತು. ಸುಮಾರು ಮೂರು ವಾರಕ್ಕೊಮ್ಮೆ 45 ನಿಮಿಷದ ತರಗತಿ. ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು, ಅಕ್ಕನ ಓದು ಯಾಕೆ ನಿಂತಿತು ಎಂಬಂಥ ವಿಷಯಗಳ ಮೇಲೆ ಚರ್ಚೆ, ಆಟ. ದಿವಾ ಧರ್, ತರುಣ್ ಜೈನ್, ಸೀಮಾ ಜಯಚಂದ್ರನ್ ಅವರು 314 ಶಾಲೆಗಳಲ್ಲಿ ನಡೆಸಿದ ಮೌಲ್ಯಮಾಪನದಲ್ಲಿ ಮಕ್ಕಳ ಮನೋಭಾವ ಬದಲಾದದ್ದು ಸ್ಪಷ್ಟವಾಗಿ ಕಂಡಿತು. ಹುಡುಗರು ಮನೆಗೆಲಸಕ್ಕೆ ಕೈಜೋಡಿಸುತ್ತಿರುವುದಾಗಿ ಹೇಳಿದರು. ತರಗತಿಗಳು ನಿಂತು ಎರಡು ವರ್ಷದ ಮೇಲೂ ಆ ಬದಲಾವಣೆ ಅಳಿಸಿಹೋಗಿರಲಿಲ್ಲ. ಆದರೆ ಹುಡುಗಿಯರ ಓದಿನ ಆಕಾಂಕ್ಷೆ ಅಷ್ಟಾಗಿ ಮೇಲೇರಲಿಲ್ಲ, ಅದು ಮೊದಲೇ ಎತ್ತರದಲ್ಲಿತ್ತು. ಅವರಿಗೆ ಬೇಕಿದ್ದದ್ದು ಆಸೆಯಲ್ಲ, ಆಸೆಗೆ ಅಡ್ಡ ಬಾರದ ಅಣ್ಣತಮ್ಮಂದಿರು ಮತ್ತು ಮುಂದೆ ಗಂಡನಾಗುವ ಹುಡುಗರು. ಪಂಜಾಬ್ ಸರ್ಕಾರ ಈ ಪಾಠಗಳನ್ನು ತನ್ನ ಶಾಲೆಗಳಿಗೂ ತೆಗೆದುಕೊಂಡಿತು.

ಶಾಲೆಯಲ್ಲಿ ಎಷ್ಟೇ ಪಾಠ ನಡೆದರೂ ವೈದ್ಯರ ಹತ್ತಿರ ಹೋಗಬೇಕಾದ ಗಳಿಗೆ ಬರುತ್ತದೆ. 2014ರ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಕ್ಲಿನಿಕ್‌ಗಳಿವೆ. ದೆಹಲಿಯಲ್ಲಿ ಇವು 'ದಿಶಾ', ಕರ್ನಾಟಕದಲ್ಲಿ 'ಸ್ನೇಹ ಕ್ಲಿನಿಕ್'. ಮೊಡವೆ, ಮುಟ್ಟಿನ ನೋವು, ಮನಸ್ಸಿನ ಬೇಗುದಿ, ಗರ್ಭನಿರೋಧಕ, ಎಲ್ಲಕ್ಕೂ ಇಲ್ಲಿ ಸಲಹೆ ಉಚಿತ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೇಳಿದರೆ ಕೊಠಡಿ ಮತ್ತು ಸಮಯ ಹೇಳುತ್ತಾರೆ. ಮಗಳನ್ನು ಮೊದಲ ಬಾರಿ ರಕ್ತಹೀನತೆಯ ನೆಪದಲ್ಲಾದರೂ ಅಲ್ಲಿಗೆ ಕರೆದೊಯ್ದು ಪರಿಚಯ ಮಾಡಿಸುವುದು ಜಾಣತನ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಕೇಳಲು ಹೋದವಳಿಗೆ, ಮುಂದೊಂದು ದಿನ ಹೇಳಿಕೊಳ್ಳಲಾಗದ ಕಷ್ಟ ಬಂದರೆ ಬಾಗಿಲು ಯಾವುದೆಂದು ಗೊತ್ತಿರುತ್ತದೆ.

ತುರ್ತು ಗರ್ಭನಿರೋಧಕ ಮಾತ್ರೆ ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. 72 ಗಂಟೆಯೊಳಗೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಗರ್ಭಪಾತದ ಮಾತ್ರೆ ಬೇರೆಯದೇ. ಅದನ್ನು ಅಂಗಡಿಯಿಂದ ಗುಟ್ಟಾಗಿ ತಂದು ನುಂಗುವುದು ಜೀವಕ್ಕೇ ಅಪಾಯ.

ಹಾಗಾದರೆ ಹುಡುಗಿ ಮುಟ್ಟಾಗಿಲ್ಲ ಎಂದು ತಾಯಿಗೆ ತಿಳಿದಾಗ ಏನು ಮಾಡಬೇಕು? ಹೊಡೆಯುವುದು, ಬೈಯುವುದು, ಊರಿಗೆ ಕಳಿಸುವುದು, ಯಾರದೋ ಮನೆಯಲ್ಲಿ ಬಚ್ಚಿಡುವುದು, ಎಲ್ಲವೂ ದಿನಗಳನ್ನು ತಿನ್ನುತ್ತವೆ. ಇಲ್ಲಿ ದಿನಗಳೇ ಮುಖ್ಯ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತ ವಯಸ್ಸಿನವರಿಗೆ, ಅತ್ಯಾಚಾರಕ್ಕೆ ಒಳಗಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. 18 ತುಂಬದವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಪೊಲೀಸ್ ಭಯ ಇಲ್ಲಿ ದೊಡ್ಡದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ 18ರೊಳಗಿನವರ ಜೊತೆಗಿನ ಲೈಂಗಿಕ ಸಂಬಂಧವನ್ನು, ಒಪ್ಪಿಗೆ ಇದ್ದರೂ ಸರಿಯೇ, ಅಪರಾಧ ಎನ್ನುತ್ತದೆ. ತಿಳಿದವರು ವರದಿ ಮಾಡಲೇಬೇಕು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 18 ತುಂಬದ ಹೆಂಡತಿಯ ಜೊತೆಗಿನ ಸಂಭೋಗವೂ ಅತ್ಯಾಚಾರವೇ ಎಂದಿತು. ಹುಡುಗಿಗೆ ರಕ್ಷಣೆಯಾಗಲೆಂದು ಬಂದ ಈ ನಿಯಮಗಳ ಭಯಕ್ಕೆ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತದಿದ್ದರೆ ಹುಡುಗಿಯ ಗತಿ? ದೆಹಲಿಯ ಪ್ರಕರಣವೊಂದರಲ್ಲಿ ಇದಕ್ಕೆ ಉತ್ತರ ಬಂತು. 2022ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಕನ್ನಡಿಗರೇ ಆದ ಎ.ಎಸ್. ಬೋಪಣ್ಣ, ಜೆ.ಬಿ. ಪಾರ್ದಿವಾಲಾ ಅವರ ಪೀಠ ಅವಿವಾಹಿತ ಹೆಣ್ಣುಮಕ್ಕಳಿಗೂ ಗರ್ಭಪಾತದ ಹಕ್ಕು ಸಮಾನ ಎಂದು ಹೇಳಿತು. ಅದೇ ತೀರ್ಪಿನಲ್ಲಿ, ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ಗುರುತು ತಿಳಿಸಬೇಕಿಲ್ಲ ಎಂದೂ ಸ್ಪಷ್ಟಪಡಿಸಿತು. ಆಸ್ಪತ್ರೆಯಲ್ಲಿ ತಕರಾರು ಎದ್ದರೆ ಈ ತೀರ್ಪಿನ ದಿನಾಂಕವನ್ನು ಹೇಳಿ ಕೇಳಬಹುದು. ನೆರವಿಗೆ ಮಹಿಳಾ ಸಹಾಯವಾಣಿ 181, ಸಂಕಷ್ಟದಲ್ಲಿರುವ ಹೆಣ್ಣುಮಕ್ಕಳಿಗಾಗಿಯೇ ಇರುವ ಸರ್ಕಾರದ 'ಸಖಿ' ಕೇಂದ್ರಗಳು ಇವೆ. ಅದೇ ವರ್ಷ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕೊಡಬೇಕೆಂದು ಶಿಕ್ಷಣ ಇಲಾಖೆಗೆ ಸೂಚಿಸಿತ್ತು. ಹದಿನೇಳರ ಹುಡುಗನಿಗೆ ಈ ಕಾನೂನು ಗೊತ್ತಿಲ್ಲದಿರುವುದು ಅವನಿಗೂ ಅನ್ಯಾಯವೇ.

ಬಾಲ್ಯವಿವಾಹದ ಸುಳಿವು ಮೊದಲು ಸಿಗುವುದು ಹಾಜರಿ ಪುಸ್ತಕದಲ್ಲಿ. ದೆಹಲಿಗೆ ದುಡಿಯಲು ಬಂದ ಎಷ್ಟೋ ಕುಟುಂಬಗಳು ಬೇಸಿಗೆ ರಜೆಗೆ ಊರಿಗೆ ಹೋಗುತ್ತವೆ. ಊರಲ್ಲೇ ಮದುವೆ ಮುಗಿದಿರಬಹುದು. ಜುಲೈ 1ಕ್ಕೆ ಶಾಲೆ ತೆರೆದು ಒಂದು ವಾರವಾದರೂ ಬಾರದ ಹುಡುಗಿಯ ಹೆಸರಿನ ಮುಂದೆ ಗುರುತು ಹಾಕಿ, ಅವಳ ಗೆಳತಿಯರನ್ನು ವಿಚಾರಿಸಿ, ಮನೆಗೆ ಫೋನ್ ಮಾಡುವ ಶಿಕ್ಷಕಿ ಒಂದು ಬದುಕನ್ನು ಉಳಿಸಬಲ್ಲಳು. ರಜೆಗೆ ಮೊದಲೇ ತರಗತಿಯಲ್ಲಿ 1098 ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದರೆ ಇನ್ನೂ ಒಳ್ಳೆಯದು. ಕರೆ ಮಾಡಿದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಮದುವೆಗೆ ಮುಂಚೆಯೇ ದೂರು ಹೋದರೆ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯಬಹುದು. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಹರಿಯಾಣವೂ ನಂತರ ಇದೇ ದಾರಿ ಹಿಡಿಯಿತು. 2006ರ ಕೇಂದ್ರ ಕಾಯ್ದೆಯ ಪ್ರಕಾರವಾದರೆ ಹುಡುಗಿಗೆ 20 ತುಂಬುವುದರೊಳಗೆ ಮದುವೆ ರದ್ದು ಮಾಡಲು ಅವಳೇ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ.

ಹಳ್ಳಿಯ ಕಾರ್ಯಕ್ರಮಗಳಿಂದ ಅವಸರದ ಫಲ ನಿರೀಕ್ಷಿಸಬಾರದು ಎಂಬುದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲೇ ಉದಾಹರಣೆ ಇದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರಿಗಾಗಿ 'ಸಮತಾ' ಕಾರ್ಯಕ್ರಮ ನಡೆಸಿತು. ಹುಡುಗಿಯರು, ಹುಡುಗರು, ಪೋಷಕರು, ಶಾಲೆ, ಎಲ್ಲರ ಜೊತೆಗೂ ಕೆಲಸ ಮಾಡಿತು. 2017ರ ಹೊತ್ತಿಗೆ ಅಳೆದು ನೋಡಿದಾಗ ಕಾರ್ಯಕ್ರಮ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಸೀಮೆಯಲ್ಲೆಲ್ಲ ಹುಡುಗಿಯರು ಮೊದಲಿಗಿಂತ ಹೆಚ್ಚಾಗಿ ಶಾಲೆಯಲ್ಲಿ ಉಳಿಯತೊಡಗಿದ್ದರು. ಹತ್ತಿರದಲ್ಲೊಂದು ಪ್ರೌಢಶಾಲೆ, ಅಲ್ಲಿಗೊಂದು ದಾರಿ ಇಲ್ಲದೆ ಬರಿಯ ಜಾಗೃತಿ ಸಭೆಗಳಿಂದ ಹೆಚ್ಚು ದೂರ ಹೋಗಲಾಗದು ಎಂಬ ಮಾತು ದೆಹಲಿಯ ಸುತ್ತಮುತ್ತಲಿಗೂ ಒಪ್ಪುತ್ತದೆ.

ರಾಜಧಾನಿಯ ಕನ್ನಡಿಗರು ಈ ಕೆಲಸಕ್ಕೆ ಹೊರಗಿನವರೇನಲ್ಲ. ಆರ್.ಕೆ. ಪುರಂನಲ್ಲಿ ಕರ್ನಾಟಕ ಸಂಘದ ಸಭಾಂಗಣವಿದೆ, ಲೋದಿ ಎಸ್ಟೇಟ್‌ನಲ್ಲಿ ಕನ್ನಡ ಶಾಲೆಯಿದೆ. ಒಂದು ಭಾನುವಾರ ಸ್ತ್ರೀರೋಗ ತಜ್ಞೆಯೊಬ್ಬರನ್ನು ಕರೆಸಿ ತಾಯಂದಿರಿಗೆ ಒಂದು ಗಂಟೆ, ಮಕ್ಕಳಿಗೆ ಬೇರೆಯಾಗಿ ಒಂದು ಗಂಟೆ ಮಾತಾಡಿಸಲು ದೊಡ್ಡ ಖರ್ಚಿಲ್ಲ. ಮನೆಗೆಲಸಕ್ಕೆ ಬರುವವರ ಹೆಣ್ಣುಮಕ್ಕಳನ್ನೂ ಅಲ್ಲಿಗೆ ಕರೆಯಬೇಕು. ಅವರ ಹತ್ತನೇ ತರಗತಿಯ ನಂತರದ ಅರ್ಜಿಗಳನ್ನು ತುಂಬಿಸಿಕೊಡಲು ಕಾಲೇಜಿಗೆ ಹೋಗುವ ನಾಲ್ಕು ಮಕ್ಕಳು ಸಾಕು.

ಈಗಾಗಲೇ ತಾಯಿಯಾದವಳನ್ನು ಮಾತ್ರ ಈ ಲೆಕ್ಕದಿಂದ ಕೈಬಿಡಬಾರದು. ಅವಳಿಗೂ ಓದುವ ವಯಸ್ಸೇ. ಮುಕ್ತ ಶಾಲೆಯ ಪರೀಕ್ಷೆಗೆ ಕೂರಲು ಮದುವೆಯಾಗಲಿ ಮಗುವಾಗಲಿ ಅಡ್ಡಿಯಲ್ಲ. ಎರಡನೆಯ ಬಸಿರು ಬೇಗ ಬಾರದಂತೆ ನೋಡಿಕೊಳ್ಳಲು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಹಾಕುವ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆ ಉಚಿತವಾಗಿ ಸಿಗುತ್ತವೆ. ಹೆರಿಗೆಯ ಬೆನ್ನಿಗೇ ಹಾಕಿಸಿಕೊಳ್ಳಬಹುದಾದ ವಂಕಿಯೂ ಇದೆ. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ತೆಗೆದುಕೊಳ್ಳಬೇಕು. ಹಾಲೂಡಿಸುವ ತಾಯಿಗೂ ಅದು ಸುರಕ್ಷಿತ. ಯಾವುದು ತನಗೆ ಹೊಂದುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಹೆರಿಗೆಗೆ ಮೊದಲಿನ ತಪಾಸಣೆಯ ದಿನವೇ ವೈದ್ಯರ ಜೊತೆ ಮಾತಾಡಿಟ್ಟುಕೊಳ್ಳುವುದು ಲೇಸು.